ನಮ್ಮ ರಾಜ್ಯಪಾಲರೂ ಅವರ ಅಧಿಕಾರಾವಧಿಯೂ

ಒಂದು ರಾಜ್ಯದ ಅಧಿಪತಿಗಳ ಹೆಸರಿನ ಪಟ್ಟಿಯು ನೋಡುವವರಿಗೆ ನೀರಸವಾದ ವಸ್ತು. ಹೆಸರು, ಬಂದ ತಾರೀಖು, ಹೋದ ತಾರೀಖು, ಇಷ್ಟನ್ನುಳಿದು ಅದರಲ್ಲಿ ಮತ್ತೇನೂ ಇರುವುದಿಲ್ಲ. ಕಚೇರಿಯ ಗೋಡೆಯ ಮೇಲೆ ಹಲಗೆಯಾಗಿ ತೂಗುತ್ತಿರುವ ಅಂತಹ ಪಟ್ಟಿಯನ್ನು ನಿಂತು ಓದುವವರು ವಿರಳ. ಆದರೆ ಕರ್ನಾಟಕದ ರಾಜ್ಯಪಾಲರ ಪಟ್ಟಿಯನ್ನು ಸಾವಧಾನವಾಗಿ ಪರಾಮರ್ಶಿಸತಕ್ಕವರಿಗೆ ಹೆಸರುಗಳಿಗಿಂತಲೂ ತಾರೀಖುಗಳೇ ಹೆಚ್ಚು ಮಾತನಾಡುತ್ತವೆ. ೧೯೫೬ನೆಯ ಇಸವಿ ನವೆಂಬರ್ ೧ನೆಯ ತಾರೀಖಿನಿಂದ ಈಚೆಗೆ ಖಾಯಂ ಆಗಿ ನೇಮಕಗೊಂಡವರಲ್ಲಿ, ೨೦೨೧ರ ಜುಲೈ ತಿಂಗಳಲ್ಲಿ ಅಧಿಕಾರ ವಹಿಸಿದ ಶ್ರೀ ಥಾವರಚಂದ್ ಗೆಹಲೋತ್ ಅವರು ೧೮ನೆಯವರು. ಅವರಿಗೆ ಹಿಂದಿನ ೧೭ ಮಂದಿಯಲ್ಲಿ ಐದು ವರ್ಷಗಳನ್ನು ಪೂರೈಸಿದವರು ಕೇವಲ ೬ ಮಂದಿ. ಎರಡು ವರ್ಷಗಳಾದರೂ ನಿಲ್ಲದೆ ಹೋದವರು ೫ ಮಂದಿ. ರಾಜ್ಯಾಂಗವು ಐದು ವರ್ಷವೆಂದು ನುಡಿದಿದ್ದರೂ ನಡೆಯು ಮಾತ್ರ ಈ ಪರಿಯಾಗಿದೆ.

ಅವಧಿಯೆಂಬುದು ಬರಿಯ ಲೆಕ್ಕದ ವಿಷಯವೆಂದು ವಾಚಕರು ಭಾವಿಸಲಾಗದು. ಯಾವ ಪದವಿಯೇ ಆಗಲಿ, ಅದರ ಸ್ವಾತಂತ್ರ್ಯವು ಅದರ ಅವಧಿಯನ್ನು ಆಶ್ರಯಿಸಿಕೊಂಡಿರುತ್ತದೆ. ತನ್ನನ್ನು ನಾಳೆ ಮನೆಗೆ ಕಳುಹಿಸಬಲ್ಲವನ ವ್ಯಾಜ್ಯವನ್ನು ಇಂದು ತೀರ್ಮಾನಿಸಬೇಕಾಗಿ ಬಂದ ಪಂಚನು ಎಷ್ಟೇ ಸತ್ಯವಂತನಾಗಿದ್ದರೂ ಊರವರ ಸಂಶಯದಿಂದ ಪಾರಾಗಲಾರನು. ಶಾಸನಸಭೆಯಲ್ಲಿ ಯಾವ ಪಕ್ಷಕ್ಕೂ ನಿಚ್ಚಳವಾದ ಬಹುಮತವಿಲ್ಲದ ದಿನ ಯಾರನ್ನು ಕರೆದು ಮಂತ್ರಿಮಂಡಲ ರಚಿಸಿರೆಂದು ಹೇಳತಕ್ಕದ್ದೆಂಬುದೂ, ಇರುವ ಮಂತ್ರಿಮಂಡಲವು ಉಳಿದಿದೆಯೋ ಉರುಳಿದೆಯೋ ಎಂದು ದಿಲ್ಲಿಗೆ ವರದಿ ಬರೆಯತಕ್ಕದ್ದೂ ರಾಜ್ಯಪಾಲರ ಕೆಲಸ. ಕೋಟ್ಯಂತರ ಪ್ರಜೆಗಳು ಕೊಟ್ಟ ಮತದ ಬೆಲೆಯು ಅಂತಹ ದಿನಗಳಲ್ಲಿ ಈ ಒಬ್ಬ ವ್ಯಕ್ತಿಯ ಲೇಖನಿಯ ತುದಿಯಲ್ಲಿ ನಿಲ್ಲುತ್ತದೆ. ಆದುದರಿಂದ ಆ ಲೇಖನಿಯನ್ನು ಹಿಡಿದ ಕೈ ಯಾರ ಹಂಗಿನಲ್ಲಿದೆಯೆಂಬುದು ನಾವೆಲ್ಲರೂ ಕೇಳತಕ್ಕ ಪ್ರಶ್ನೆಯಾಗಿದೆ.

ಕನ್ನಡಿಗರಿಗೆ ಒಬ್ಬನೇ ರಾಜ್ಯಪಾಲನು ದೊರೆತುದು ತಡವಾಗಿ. ೧೯೫೬ಕ್ಕೆ ಮೊದಲು ನಮ್ಮ ನಾಡು ಹಲವು ಅಧಿಪತಿಗಳ ಕೈಯಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿಯ ಗವರ್ನರನ ಕೆಳಗಿದ್ದುವು. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದ್ರಾಸಿನ ಗವರ್ನರನಿಗೆ ಸೇರಿದ್ದುವು. ಬಳ್ಳಾರಿಯೂ ೧೯೫೩ರವರೆಗೆ ಅದೇ ಆಳಿಕೆಯಲ್ಲಿದ್ದಿತು. ಕಲಬುರ್ಗಿ, ರಾಯಚೂರು, ಬೀದರಗಳಿಗೆ ಹೈದರಾಬಾದಿನ ನಿಜಾಮರು ಒಡೆಯರಾಗಿದ್ದು ಬಳಿಕ ರಾಜಪ್ರಮುಖರೆನಿಸಿದರು. ಕೊಡಗಿಗೆ ಮುಖ್ಯ ಕಮಿಷನರನಿದ್ದನು. ಮೈಸೂರಿನಲ್ಲಿ ಶ್ರೀ ಜಯಚಾಮರಾಜ ಒಡೆಯರು ಮಹಾರಾಜರಾಗಿದ್ದು ೧೯೫೦ರ ಜನವರಿ ೨೬ರಿಂದ ರಾಜಪ್ರಮುಖರಾದರು. ಇಂದು ಬೆಂಗಳೂರಿನ ರಾಜಭವನವೆಂದು ನಾವು ಕರೆಯುವ ಮನೆಯೂ ಕೂಡ ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಎದ್ದು, ಮುಂದೆ ರೆಸಿಡೆಂಟರ ನಿವಾಸವಾಗಿದ್ದುದು. ಕಟ್ಟಡವು ಹಳೆಯದು; ಅದರೊಳಗಿನ ಪದವಿಯು ಹೊಸದೆಂದು ನಾವು ಹೇಳಿಕೊಳ್ಳುತ್ತೇವೆ. ಪದವಿಯಲ್ಲಿಯೂ ಹಳೆಯದರ ಅಂಶವು ಎಷ್ಟು ಉಳಿದಿದೆಯೆಂಬುದು ವಿಚಾರಾರ್ಹವಾದುದು.

ಬ್ರಿಟಿಷರ ಕಾಲದ ಗವರ್ನರುಗಳಿಗೆ ಐದು ವರ್ಷಗಳ ಅವಧಿಯು ರೂಢಿಯಾಗಿದ್ದಿತು. ಲಾರ್ಡ್ ವಿಲಿಂಗ್ಡನ್ನನು ೧೯೧೩ರಿಂದ ೧೯೧೮ರವರೆಗೆ ಮುಂಬಯಿಯನ್ನೂ, ೧೯೧೯ರಿಂದ ೧೯೨೪ರವರೆಗೆ ಮದ್ರಾಸನ್ನೂ ಆಳಿದುದು ಈ ರೂಢಿಗೆ ನಿದರ್ಶನ. ಅವರು ಪರರ ಸೇವಕರು. ಅದನ್ನು ಅವರು ಮುಚ್ಚಿಡಲೂ ಇಲ್ಲ. ೧೯೩೫ರ ಕಾಯಿದೆಯ ೯೩ನೆಯ ಕಲಮು, ಆಡಳಿತ ಯಂತ್ರವು ನಿಂತುಹೋಯಿತೆಂದು ಕಂಡಾಗ ಪ್ರಾಂತದ ಅಧಿಕಾರವೆಲ್ಲವನ್ನೂ ತಾನೇ ವಹಿಸಿಕೊಳ್ಳುವ ಶಕ್ತಿಯನ್ನು ಗವರ್ನರನಿಗೆ ಕೊಟ್ಟಿತ್ತು. ೧೯೩೯ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟ ಬಳಿಕ ಮುಂಬಯಿ, ಮದ್ರಾಸುಗಳಲ್ಲಿ ೧೯೪೬ರವರೆಗೆ ನಡೆದುದು ಈ ಗವರ್ನರನ ಆಳಿಕೆಯೇ. ಅದರ ಬಿಸಿಯನ್ನು ಧಾರವಾಡದವರೂ ಮಂಗಳೂರಿನವರೂ ಉಂಡವರೇ. ಸ್ವತಂತ್ರ ಭಾರತದ ರಾಜ್ಯಾಂಗದ ೩೫೬ನೆಯ ವಿಧಿಯು ಆ ೯೩ನೆಯ ಕಲಮಿನ ವಂಶದಲ್ಲಿ ಹುಟ್ಟಿದುದು. ವ್ಯತ್ಯಾಸವಿಷ್ಟೆ: ಅಂದು ಗವರ್ನರನು ತಾನೇ ಅಧಿಕಾರ ವಹಿಸುತ್ತಿದ್ದನು, ಇಂದು ರಾಜ್ಯಪಾಲನು ವರದಿ ಬರೆಯುತ್ತಾನೆ, ದಿಲ್ಲಿಯು ಅಧಿಕಾರ ವಹಿಸುತ್ತದೆ.

ನಮ್ಮ ರಾಜ್ಯಾಂಗವನ್ನು ರಚಿಸಿದ ಹಿರಿಯರು ಈ ಅಪಾಯವನ್ನು ಕಾಣದವರಾಗಿರಲಿಲ್ಲ. ೧೯೪೭ರ ಜುಲೈ ತಿಂಗಳಲ್ಲಿ ಸರದಾರ ಪಟೇಲರು ಸಭೆಯ ಮುಂದಿಟ್ಟ ಪ್ರಾಂತೀಯ ರಾಜ್ಯಾಂಗದ ವರದಿಯಲ್ಲಿ ಗವರ್ನರನು ವಯಸ್ಕರೆಲ್ಲರ ಮತದಿಂದ ಚುನಾಯಿತನಾಗತಕ್ಕದ್ದೆಂಬ ಸೂಚನೆಯಿದ್ದಿತು. ೧೯೪೮ರ ಕರಡಿನಲ್ಲಿ ಐದು ವರ್ಷಗಳ ಅವಧಿಯೂ, ರಾಜ್ಯಾಂಗವನ್ನು ಮುರಿದವನನ್ನು ದೋಷಾರೋಪಣೆಯಿಂದ ಮಾತ್ರ ಕೆಳಗಿಳಿಸಬಹುದೆಂಬ ಕಟ್ಟಳೆಯೂ ಸೇರಿದ್ದುವು. ಆದರೆ ಜನರಿಂದ ಆರಿಸಿ ಬಂದ ಗವರ್ನರನೂ ಜನರಿಂದ ಆರಿಸಿ ಬಂದ ಮುಖ್ಯಮಂತ್ರಿಯೂ ಒಂದೇ ಒರೆಯ ಎರಡು ಕತ್ತಿಗಳಾಗುವರೆಂಬ ಭಯವು ಆಮೇಲೆ ಬಲವಾಯಿತು. ೧೯೪೯ರ ಮೇ ತಿಂಗಳ ಕೊನೆಯಲ್ಲಿ ಸಭೆಯು ಚುನಾವಣೆಯನ್ನು ಬಿಟ್ಟು ನೇಮಕವನ್ನು ಒಪ್ಪಿತು. ಪಂಡಿತ ನೆಹರೂ ಅವರೂ ಪಕ್ಷಗಳ ಜಗಳದಿಂದ ದೂರವಾದ ಗಣ್ಯರು ಬರುವುದು ಲೇಸೆಂದು ನೇಮಕವನ್ನೇ ಸಮರ್ಥಿಸಿದರು. ಈ ಮಾತಿನಲ್ಲಿ ಯುಕ್ತಿಯಿದ್ದಿತು. ಆದರೆ ಚುನಾವಣೆಯು ಹೋದಾಗ ಅದರ ಜೊತೆಗೆ ದೋಷಾರೋಪಣೆಯ ಕಟ್ಟಳೆಯೂ ಹೋಯಿತು. ಅದರ ಸ್ಥಾನದಲ್ಲಿ ಬಂದುದು ರಾಷ್ಟ್ರಪತಿಯವರ ಇಚ್ಛೆ.

ರಾಜ್ಯಾಂಗದ ೧೫೬ನೆಯ ವಿಧಿಯನ್ನು ಈಗ ಓದಿ ನೋಡೋಣ. ಅದರ ಮೊದಲನೆಯ ಖಂಡವು ರಾಜ್ಯಪಾಲನು ರಾಷ್ಟ್ರಪತಿಯವರ ಇಚ್ಛೆಯಿರುವ ಪರ್ಯಂತ ಪದವಿಯಲ್ಲಿರತಕ್ಕದ್ದೆಂದು ಹೇಳುತ್ತದೆ. ಮೂರನೆಯ ಖಂಡವು ಅವನ ಅವಧಿ ಐದು ವರ್ಷವೆಂದು ಹೇಳಿ, ಅದು ಮೇಲಣ ಮಾತಿಗೆ ಅಧೀನವೆಂದು ಸೇರಿಸುತ್ತದೆ. ಅವಧಿ ತೀರಿದರೂ ಉತ್ತರಾಧಿಕಾರಿಯು ಬರುವ ತನಕ ಅವನು ಮುಂದುವರಿಯಬಹುದೆಂದೂ ವಿಧಿಸುತ್ತದೆ. ಒಂದು ಕೈಯಿಂದ ಕೊಟ್ಟ ಐದು ವರ್ಷಗಳನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಪಡೆಯುವ ವಿಧಾನವಿದು. ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರಾದುದರಿಂದ ಇಚ್ಛೆಯೆಂದರೆ ಕೇಂದ್ರ ಮಂತ್ರಿಮಂಡಲದ ಇಚ್ಛೆಯೆಂದೇ ತಾತ್ಪರ್ಯ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡೋಣ.

ಮೊದಲನೆಯ ಹೆಸರು ಶ್ರೀ ಜಯಚಾಮರಾಜ ಒಡೆಯರದು. ಮಹಾರಾಜ, ರಾಜಪ್ರಮುಖ, ರಾಜ್ಯಪಾಲ, ಈ ಮೂರು ಪದವಿಗಳನ್ನೂ ಒಂದೇ ನೆಲದ ಮೇಲೆ ಕಂಡವರು ಅವರು. ೧೯೫೬ರ ನವೆಂಬರ್‌ನಿಂದ ೧೯೬೪ರ ಮೇ ತಿಂಗಳಲ್ಲಿ ಮದ್ರಾಸಿನ ರಾಜ್ಯಪಾಲರಾಗಿ ತೆರಳುವವರೆಗೆ ಏಳೂವರೆ ವರ್ಷ ಆ ಸ್ಥಾನದಲ್ಲಿದ್ದರು. ಅವರ ಹಿಂದೆ ಬಂದವರು ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶ್ರೀನಾಗೇಶರು. ಒಂದು ವರ್ಷವೂ ತುಂಬುವ ಮೊದಲೇ, ೧೯೬೫ರ ಏಪ್ರಿಲಿನಲ್ಲಿ, ಅವರ ಕಾಲ ಮುಗಿಯಿತು. ಬಳಿಕ ಕೇರಳದಿಂದ ಬಂದ ಶ್ರೀ ವಿ. ವಿ. ಗಿರಿಯವರು ೧೯೬೭ರಲ್ಲಿ ಉಪರಾಷ್ಟ್ರಪತಿಗಳಾಗಿ ದಿಲ್ಲಿಗೆ ಹೋದರು. ಅವರ ಸ್ಥಾನಕ್ಕೆ ಬಂದ ಶ್ರೀ ಗೋಪಾಲ ಸ್ವರೂಪ ಪಾಠಕರು ೧೯೬೯ರಲ್ಲಿ ಅದೇ ಪದವಿಗಾಗಿ ಅದೇ ದಾರಿಯನ್ನು ಹಿಡಿದರು. ಒಂದಾದ ಮೇಲೊಂದರಂತೆ ಇಬ್ಬರು ಉಪರಾಷ್ಟ್ರಪತಿಗಳನ್ನು ಕಳುಹಿಸಿಕೊಟ್ಟುದು ಮೈಸೂರಿಗೆ ಗೌರವದ ಸಂಗತಿಯೇ ಸರಿ. ಆದರೆ ರಾಜಭವನವು ಮೇಲಣ ಪಯಣದ ನಡುವಿನ ತಂಗುದಾಣವೆಂಬ ಭಾವನೆಯೂ ಆಗಲೇ ಬೇರೂರಿತು. ಏಣಿಯ ನಡುಮೆಟ್ಟಿಲಿನಲ್ಲಿ ನಿಂತವನ ಕಣ್ಣು ಮೇಲಕ್ಕೇ ಇರುವುದು ಸಹಜವಲ್ಲವೇ?

೧೯೬೯ರ ಅಕ್ಟೋಬರಿನಲ್ಲಿ ಬಂದ ಶ್ರೀ ಧರ್ಮವೀರರು ಪಶ್ಚಿಮ ಬಂಗಾಳದಲ್ಲಿ ೧೯೬೭ರಲ್ಲಿ ಅಜಯ ಮುಖರ್ಜಿಯವರ ಮಂತ್ರಿಮಂಡಲವನ್ನು ವಜಾ ಮಾಡಿ ದೇಶದಲ್ಲೆಲ್ಲ ವಿವಾದವೆಬ್ಬಿಸಿದವರು. ಅವರ ಕಾಲದಲ್ಲಿಯೇ, ೧೯೭೧ರ ಮಾರ್ಚಿನಲ್ಲಿ, ಶ್ರೀ ವೀರೇಂದ್ರ ಪಾಟೀಲರ ಮಂತ್ರಿಮಂಡಲವು ಉರುಳಿ ನಮ್ಮ ರಾಜ್ಯವು ಮೊದಲ ಸಲ ರಾಷ್ಟ್ರಪತಿಯ ಆಳಿಕೆಯನ್ನು ಕಂಡಿತು. ಅದು ಸುಮಾರು ಒಂದು ವರ್ಷ ನಡೆಯಿತು. ಆ ನಡುವೆ ಧರ್ಮವೀರರು ಹೋಗಿ, ರಾಜಸ್ಥಾನದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಮೋಹನಲಾಲ್ ಸುಖಾಡಿಯಾ ಅವರು ಬಂದರು. ೧೯೭೨ರ ಮಾರ್ಚಿನಲ್ಲಿ ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಗಳಾದುದೂ, ೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ತನ್ನ ನಿಜವಾದ ಹೆಸರನ್ನು ಪಡೆದುದೂ ಸುಖಾಡಿಯಾ ಅವರ ಕಾಲದಲ್ಲಿ. ತುರ್ತು ಪರಿಸ್ಥಿತಿಯ ದಿನಗಳಲ್ಲಿ, ೧೯೭೬ರ ಜನವರಿಯಲ್ಲಿ ಬಂದ ಶ್ರೀ ಉಮಾಶಂಕರ ದೀಕ್ಷಿತರು, ದಿಲ್ಲಿಯಲ್ಲಿ ಜನತಾ ಸರಕಾರವು ಬಂದ ಕೆಲವೇ ತಿಂಗಳುಗಳಲ್ಲಿ, ೧೯೭೭ರ ಆಗಸ್ಟಿನಲ್ಲಿ ಸ್ಥಾನ ತೆರವು ಮಾಡಿದರು. ದಿಲ್ಲಿಯ ಗಾಳಿ ತಿರುಗಿದಂತೆ ಬೆಂಗಳೂರಿನ ರಾಜಭವನದ ಬಾಗಿಲು ತೆರೆದು ಮುಚ್ಚುವ ಕ್ರಮವು ಅಲ್ಲಿಂದ ಎಲ್ಲರಿಗೂ ಕಾಣತೊಡಗಿತು.

ಅನಂತರ ಬಂದವರು ಹಿರಿಯ ಆಡಳಿತಗಾರರಾದ ಶ್ರೀ ಗೋವಿಂದ ನಾರಾಯಣ್ ಅವರು. ಅವರು ಬಂದ ಐದನೆಯ ತಿಂಗಳಿನಲ್ಲಿ, ೧೯೭೭ರ ಡಿಸೆಂಬರ್ ೩೧ರಂದು, ಅವರ ವರದಿಯ ಮೇಲೆ ದೇವರಾಜ ಅರಸರ ಸರಕಾರವು ವಜಾ ಆಯಿತು. ಬಹುಮತವಿದೆಯೋ ಇಲ್ಲವೋ ಎಂಬುದನ್ನು ಸಭೆಯಲ್ಲಿ ತೂಗಿ ನೋಡಲಿಲ್ಲ. ತೂಗುವ ಕೆಲಸವನ್ನು ಕಟ್ಟಕಡೆಗೆ ಪ್ರಜೆಗಳೇ ಮಾಡಿದರು. ೧೯೭೮ರ ಫೆಬ್ರವರಿಯ ಚುನಾವಣೆಯಲ್ಲಿ ಅರಸರು ಗೆದ್ದು, ಆ ತಿಂಗಳ ೨೮ರಂದು ಮತ್ತೆ ಮುಖ್ಯಮಂತ್ರಿಗಳಾದರು. ಎರಡು ತಿಂಗಳ ಹಿಂದೆ ಅವರ ವಿರುದ್ಧ ವರದಿ ಬರೆದ ರಾಜ್ಯಪಾಲರೇ ಈಗ ಅವರಿಗೆ ಪ್ರತಿಜ್ಞಾವಚನವನ್ನು ಬೋಧಿಸಬೇಕಾಯಿತು. ರಾಜ್ಯಪಾಲನ ಅಳತೆಗೋಲಿಗೂ ಪ್ರಜೆಯ ಅಳತೆಗೋಲಿಗೂ ಇರುವ ಅಂತರವನ್ನು ತಿಳಿಯಲಿಚ್ಛಿಸುವವರಿಗೆ ಇದಕ್ಕಿಂತ ಉತ್ತಮವಾದ ಪಾಠವಿಲ್ಲ. ಗೋವಿಂದ ನಾರಾಯಣ್ ಅವರು ೧೯೮೩ರ ಏಪ್ರಿಲ್ ತನಕ ಇದ್ದು, ಅರಸರ ಬಳಿಕ ಶ್ರೀ ಗುಂಡೂರಾಯರನ್ನೂ ಶ್ರೀ ರಾಮಕೃಷ್ಣ ಹೆಗಡೆಯವರನ್ನೂ ಮುಖ್ಯಮಂತ್ರಿಗಳಾಗಿ ಕಂಡರು.

೧೯೮೩ರಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರವು ಬಂದಿತು. ಅದೇ ವರ್ಷ ಹೆಗಡೆಯವರ ಸರಕಾರವು ರಾಜ್ಯಪಾಲರ ಪದವಿಯನ್ನು ಕುರಿತು ಒಂದು ಶ್ವೇತಪತ್ರವನ್ನೇ ಪ್ರಕಟಿಸಿತು. ಆ ಪದವಿಯು ರಾಜ್ಯಾಂಗದ ಉದ್ದೇಶದಿಂದ ಎಷ್ಟು ದೂರ ಸರಿದಿದೆಯೆಂಬುದನ್ನು ಒಂದು ರಾಜ್ಯ ಸರಕಾರವು ತನ್ನ ಮುದ್ರೆಯೊಡನೆ ದೇಶದ ಮುಂದಿಟ್ಟುದು ಗಮನಾರ್ಹವಾದುದು. ಕೇಂದ್ರ ಮತ್ತು ರಾಜ್ಯಗಳ ಸಂಬಂಧವನ್ನು ವಿಚಾರಿಸಲು ಸರ್ಕಾರಿಯಾ ಆಯೋಗವು ನೇಮಕಗೊಂಡುದೂ ಅದೇ ೧೯೮೩ರಲ್ಲಿ. ಆಗ ರಾಜಭವನದಲ್ಲಿದ್ದ ಶ್ರೀ ಅಶೋಕನಾಥ ಬ್ಯಾನರ್ಜಿಯವರು ೧೯೮೮ರ ಫೆಬ್ರವರಿಯವರೆಗೆ, ಐದು ವರ್ಷಗಳಿಗೆ ಎರಡು ತಿಂಗಳು ಕಡಿಮೆಯಾಗಿ, ಕಾಲ ಕಳೆದರು.

ಅವರ ಸ್ಥಾನಕ್ಕೆ ಬಂದ ಶ್ರೀ ಪೆಂಡೇಕಂಟಿ ವೆಂಕಟಸುಬ್ಬಯ್ಯನವರ ಇಪ್ಪತ್ತಮೂರು ತಿಂಗಳ ಅವಧಿಯು ಭಾರತದ ರಾಜ್ಯಾಂಗದ ಚರಿತ್ರೆಯಲ್ಲಿಯೇ ಶಾಶ್ವತವಾದ ಗುರುತನ್ನು ಬಿಟ್ಟಿದೆ. ೧೯೮೮ರ ಆಗಸ್ಟಿನಲ್ಲಿ ಹೆಗಡೆಯವರ ಬಳಿಕ ಮುಖ್ಯಮಂತ್ರಿಗಳಾದವರು ಹುಬ್ಬಳ್ಳಿಯ ಶ್ರೀ ಎಸ್. ಆರ್. ಬೊಮ್ಮಾಯಿಯವರು. ೧೯೮೯ರ ಏಪ್ರಿಲಿನಲ್ಲಿ ಆಳುವ ಪಕ್ಷದ ೧೯ ಮಂದಿ ಸದಸ್ಯರು ಬೆಂಬಲ ಹಿಂತೆಗೆದುಕೊಂಡಿರುವರೆಂಬ ಪತ್ರಗಳು ರಾಜಭವನಕ್ಕೆ ಬಂದುವು. ೧೯ನೆಯ ತಾರೀಖಿನಲ್ಲಿ ರಾಜ್ಯಪಾಲರು ದಿಲ್ಲಿಗೆ ವರದಿ ಬರೆದರು. ಮರುದಿನ ಆ ೧೯ರಲ್ಲಿ ೭ ಮಂದಿ, ತಮ್ಮ ರುಜುವನ್ನು ತಪ್ಪು ತಿಳಿವಳಿಕೆಯಿಂದ ಪಡೆಯಲಾಯಿತೆಂದೂ ತಾವು ಸರಕಾರದೊಡನೆಯೇ ಇರುವೆವೆಂದೂ ಬರೆದುಕೊಟ್ಟರು. ಮುಖ್ಯಮಂತ್ರಿಗಳು ಸಭೆಯನ್ನು ಮುಂಚಿತವಾಗಿಯೇ ಕರೆದು ಬಹುಮತವನ್ನು ತೋರಿಸಲು ಸಿದ್ಧರೆಂದರು. ರಾಜ್ಯಪಾಲರು ಅದಕ್ಕೆ ಒಪ್ಪದೆ ಎರಡನೆಯ ವರದಿಯನ್ನು ಕಳುಹಿಸಿದರು. ೨೧ರಂದು ಮಂತ್ರಿಮಂಡಲವೂ ಹೋಯಿತು, ಶಾಸನಸಭೆಯೂ ಹೋಯಿತು. ವಿಧಾನಸೌಧದ ಬಾಗಿಲು ರಾಜಭವನಕ್ಕೆ ಕೂಗಳತೆಯ ದೂರದಲ್ಲಿದ್ದಿತು. ಸತ್ಯವನ್ನು ಎಣಿಸಿ ತಿಳಿಯುವುದಕ್ಕೆ ಅಷ್ಟು ದೂರ ನಡೆದಿದ್ದರೆ ಸಾಕಾಗಿದ್ದಿತು.

ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಜಯವಾಗಲಿಲ್ಲ. ೧೯೯೪ರ ಮಾರ್ಚ್ ೧೧ರಂದು ಸರ್ವೋಚ್ಚ ನ್ಯಾಯಾಲಯದ ೯ ಮಂದಿ ನ್ಯಾಯಮೂರ್ತಿಗಳ ಪೀಠವು ತೀರ್ಪು ಕೊಟ್ಟಿತು. ಮಂತ್ರಿಮಂಡಲದ ಬಲವನ್ನು ಅಳೆಯತಕ್ಕ ಸ್ಥಾನವು ಸಭೆಯೇ ಹೊರತು ರಾಜ್ಯಪಾಲರ ಅಂತರಂಗವಲ್ಲ. ೩೫೬ನೆಯ ವಿಧಿಯ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮೊದಲು ಶಾಸನಸಭೆಯನ್ನು ವಿಸರ್ಜಿಸಕೂಡದು. ಕರ್ನಾಟಕದಲ್ಲಿ ೧೯೮೯ರಲ್ಲಿ ನಡೆದುದು ರಾಜ್ಯಾಂಗಬದ್ಧವಲ್ಲ, ಎಂಬಿವು ಅದರ ಸಾರಾಂಶ. ಆದರೆ ಆ ವೇಳೆಗೆ ಐದು ವರ್ಷಗಳು ಕಳೆಯುತ್ತ ಬಂದಿದ್ದುವು. ೧೯೮೯ರ ನವೆಂಬರಿನಲ್ಲಿ ಚುನಾವಣೆ ನಡೆದು ಹೊಸ ಸಭೆಯು ಬಂದುಹೋಗಿತ್ತು. ನ್ಯಾಯವು ದೊರೆಯಿತು, ಹೋದ ಸಭೆಯು ಹಿಂದಿರುಗಲಿಲ್ಲ. ವರದಿ ಬರೆದ ರಾಜ್ಯಪಾಲರು ಕೂಡ ಎಂದೋ ಹೋಗಿದ್ದರು. ದಿಲ್ಲಿಯಲ್ಲಿ ವಿ. ಪಿ. ಸಿಂಗರ ಸರಕಾರವು ಬಂದು ರಾಜ್ಯಪಾಲರೆಲ್ಲರ ರಾಜೀನಾಮೆಯನ್ನು ಕೇಳಿದ ಮೇಲೆ, ೧೯೯೦ರ ಫೆಬ್ರವರಿಯಲ್ಲಿ ಅವರ ಕಾಲವೂ ಮುಗಿದಿತ್ತು. ದಿಲ್ಲಿಗೆ ವರದಿ ಬರೆದ ಕೈಯನ್ನು ದಿಲ್ಲಿಯೇ ಬಿಡಿಸಿತು.

೧೯೯೦ರ ಮೇ ತಿಂಗಳಲ್ಲಿ ಬಂದ ಶ್ರೀ ಭಾನುಪ್ರತಾಪ ಸಿಂಗರ ಕಾಲದಲ್ಲಿ, ಆ ಅಕ್ಟೋಬರಿನಲ್ಲಿ ಒಂದು ವಾರದ ಮಟ್ಟಿಗೆ ರಾಷ್ಟ್ರಪತಿಯ ಆಳಿಕೆ ನಡೆದು ಶ್ರೀ ಬಂಗಾರಪ್ಪನವರು ಮುಖ್ಯಮಂತ್ರಿಗಳಾದರು. ೧೯೯೨ರ ಜನವರಿಯಿಂದ ೧೯೯೯ರ ಡಿಸೆಂಬರ್ ತನಕ ಇದ್ದ ಶ್ರೀ ಖುರ್ಷಿದ್ ಆಲಂ ಖಾನರದೇ ನಮ್ಮ ಪಟ್ಟಿಯಲ್ಲಿ ಅತಿ ದೀರ್ಘವಾದ ಅವಧಿ. ಸುಮಾರು ಎಂಟು ವರ್ಷಗಳು. ಬಂಗಾರಪ್ಪ, ಮೊಯಿಲಿ, ದೇವೇಗೌಡ, ಜೆ. ಎಚ್. ಪಟೇಲ್, ಎಸ್. ಎಂ. ಕೃಷ್ಣ, ಹೀಗೆ ಐದು ಮಂದಿ ಮುಖ್ಯಮಂತ್ರಿಗಳನ್ನು ಅವರು ಕಂಡರು. ದಿಲ್ಲಿಯಲ್ಲಿ ಸರಕಾರಗಳು ಬಂದುವು, ಹೋದುವು. ಆ ಎಂಟು ವರ್ಷಗಳಲ್ಲಿ ಒಮ್ಮೆಯೂ ಕರ್ನಾಟಕಕ್ಕೆ ರಾಷ್ಟ್ರಪತಿಯ ಆಳಿಕೆಯು ಬರಲಿಲ್ಲ. ಬಳಿಕ ಬಂದ ಶ್ರೀಮತಿ ವಿ. ಎಸ್. ರಮಾದೇವಿಯವರು ಈ ೧೮ ಮಂದಿಯಲ್ಲಿ ಏಕಮಾತ್ರ ಮಹಿಳೆ. ಅವರಿಗೆ ದೊರೆತುದು ಎರಡು ವರ್ಷ ಎಂಟು ತಿಂಗಳು.

ಲೆಕ್ಕಪರಿಶೋಧನೆಯ ಮಹಾಧಿಕಾರಿಗಳಾಗಿದ್ದ ಶ್ರೀ ಟಿ. ಎನ್. ಚತುರ್ವೇದಿಯವರು ೨೦೦೨ರ ಆಗಸ್ಟಿನಿಂದ ೨೦೦೭ರ ಆಗಸ್ಟ್‌ವರೆಗೆ, ಗ್ರಂಥದಲ್ಲಿ ಬರೆದಂತೆ, ಐದು ವರ್ಷ ಇದ್ದರು. ೨೦೦೪ರಲ್ಲಿ ದಿಲ್ಲಿಯಲ್ಲಿ ಸರಕಾರ ಬದಲಾದರೂ ಅವರ ಸ್ಥಾನ ಅಲುಗಲಿಲ್ಲ. ೨೦೦೬ರ ಜನವರಿಯಲ್ಲಿ ಶ್ರೀ ಧರಮ್ ಸಿಂಗರ ಕೂಡು ಸರಕಾರವು ಒಡೆದಾಗ ಅವರು ದಿಲ್ಲಿಗೆ ವರದಿ ಬರೆಯುವ ಆತುರವನ್ನು ತೋರದೆ, ಮುಖ್ಯಮಂತ್ರಿಗಳು ಸಭೆಯಲ್ಲಿ ಬಹುಮತವನ್ನು ಸಿದ್ಧಪಡಿಸಲೆಂದು ದಿನ ಗೊತ್ತುಮಾಡಿದರು. ಧರಮ್ ಸಿಂಗರು ರಾಜೀನಾಮೆಯಿತ್ತರು. ಫೆಬ್ರವರಿ ೩ರಂದು ಶ್ರೀ ಕುಮಾರಸ್ವಾಮಿಯವರು ಅಧಿಕಾರಕ್ಕೆ ಬಂದರು. ಆ ಸಂಯೋಗವು ಒಳ್ಳೆಯದಾಗಿದ್ದಿತೇ ಕೆಟ್ಟುದಾಗಿದ್ದಿತೇ ಎಂಬುದು ಬೇರೆ ಮಾತು. ಅಳತೆಯು ಅಳೆಯತಕ್ಕ ಸ್ಥಾನಕ್ಕೆ ಒಪ್ಪಿಸಲ್ಪಟ್ಟಿತೆಂಬುದು ಇಲ್ಲಿ ಮುಖ್ಯ.

ಅವರ ಬೆನ್ನ ಹಿಂದೆ ಬಂದ ಶ್ರೀ ರಾಮೇಶ್ವರ ಠಾಕೂರರು ಇಪ್ಪತ್ತೆರಡು ತಿಂಗಳಲ್ಲಿ ಎರಡು ಸಲ ರಾಷ್ಟ್ರಪತಿಯ ಆಳಿಕೆಯನ್ನು ನಡೆಸಬೇಕಾಯಿತು. ೨೦೦೭ರ ಅಕ್ಟೋಬರಿನಲ್ಲಿ ಒಮ್ಮೆ, ಶ್ರೀ ಯಡಿಯೂರಪ್ಪನವರ ಒಂದು ವಾರದ ಸರಕಾರವು ಬಿದ್ದ ಮೇಲೆ ನವೆಂಬರಿನಲ್ಲಿ ಮತ್ತೊಮ್ಮೆ. ೨೦೦೯ರ ಜೂನ್‌ನಲ್ಲಿ ಬಂದ ಶ್ರೀ ಹಂಸರಾಜ ಭಾರದ್ವಾಜರು ಅದಕ್ಕೆ ಕೆಲವೇ ತಿಂಗಳ ಹಿಂದೆ ಕೇಂದ್ರದಲ್ಲಿ ಕಾನೂನಿನ ಮಂತ್ರಿಗಳಾಗಿದ್ದವರು. ೨೦೧೦ರ ಅಕ್ಟೋಬರಿನಲ್ಲಿ ಯಡಿಯೂರಪ್ಪನವರ ಸರಕಾರವನ್ನು ತೆಗೆಯಬೇಕೆಂದು ಅವರು ಶಿಫಾರಸು ಮಾಡಿದರು. ದಿಲ್ಲಿಯಲ್ಲಿ ಅವರ ಪಕ್ಷವೇ ಅಧಿಕಾರದಲ್ಲಿದ್ದಾಗ್ಯೂ ಆ ಶಿಫಾರಸು ನಡೆಯಲಿಲ್ಲ. ಎರಡನೆಯ ಸಲ ಸಭೆ ಸೇರಿ, ೧೪ನೆಯ ತಾರೀಖಿನಲ್ಲಿ ಸರಕಾರವು ೧೦೬ಕ್ಕೆ ೧೦೦ ಮತಗಳಿಂದ ಉಳಿಯಿತು. ೨೦೧೧ರ ಮೇ ತಿಂಗಳಲ್ಲಿ ಅವರು ಮತ್ತೊಮ್ಮೆ ಬರೆದರು, ಅದೂ ಅಂಗೀಕೃತವಾಗಲಿಲ್ಲ. ಬೊಮ್ಮಾಯಿಯವರ ಹೆಸರಿನ ತೀರ್ಪು ಅಡ್ಡ ನಿಂತುದೇ ಇದಕ್ಕೆ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಗುಜರಾತಿನ ಶಾಸನಸಭೆಯ ಸಭಾಪತಿಗಳಾಗಿದ್ದ ಶ್ರೀ ವಜುಭಾಯಿ ವಾಲಾ ಅವರು ೨೦೧೪ರ ಸೆಪ್ಟೆಂಬರಿನಿಂದ ೨೦೨೧ರ ಜುಲೈವರೆಗೆ ಇದ್ದರು. ೨೦೧೮ರ ಮೇ ತಿಂಗಳ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ ೧೦೪ ಸ್ಥಾನಗಳು ಬಂದುವು. ಕಾಂಗ್ರೆಸ್ಸೂ ಜಾತ್ಯತೀತ ಜನತಾದಳವೂ ಕೂಡಿ ತಮಗೆ ಬಹುಮತವಿದೆಯೆಂದುವು. ರಾಜ್ಯಪಾಲರು ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸಲು ೧೫ ದಿನಗಳ ಅವಕಾಶವಿತ್ತರು. ಸರ್ವೋಚ್ಚ ನ್ಯಾಯಾಲಯವು ನಡುರಾತ್ರಿಯ ಮೇಲೆ ಕುಳಿತು ವಿಚಾರಣೆ ನಡೆಸಿ, ಮುಂದೆ ಆ ಅವಕಾಶವನ್ನು ಮೊಟಕುಗೊಳಿಸಿ ೧೯ನೆಯ ತಾರೀಖಿನಂದೇ ಸಭೆಯಲ್ಲಿ ನಿರ್ಣಯವಾಗಲೆಂದು ಆಜ್ಞಾಪಿಸಿತು. ಮತ ಎಣಿಸುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆಯಿತ್ತರು. ರಾಜ್ಯಪಾಲರು ಮಾಡಬೇಕಾದ ತೂಕವನ್ನು ನ್ಯಾಯಮೂರ್ತಿಗಳು ರಾತ್ರಿ ನಿದ್ದೆಗೆಟ್ಟು ಮಾಡಬೇಕಾದುದು ಆ ಪದವಿಗೆ ಕೀರ್ತಿಯನ್ನು ತರತಕ್ಕ ಸಂಗತಿಯಲ್ಲ.

ಈಗ ಒಟ್ಟು ಲೆಕ್ಕವನ್ನು ನೋಡೋಣ. ಆರು ಸಲ ಈ ರಾಜ್ಯವು ರಾಷ್ಟ್ರಪತಿಯ ಆಳಿಕೆಯನ್ನು ಕಂಡಿದೆ. ಅವುಗಳಲ್ಲಿ ಐದು ಸಲ ರಾಜಭವನದಲ್ಲಿದ್ದವರು ಐದು ವರ್ಷಗಳನ್ನು ಪೂರೈಸದೆ ಹೋದವರು. ಅವಧಿಯು ಕಿರಿದಾದುದೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಪಕ್ಷಗಳ ಒಳಜಗಳ, ಸದಸ್ಯರ ಚಂಚಲತೆ, ಇವೂ ಕಾರಣಗಳೇ. ಗೋವಿಂದ ನಾರಾಯಣರು ದೀರ್ಘಕಾಲ ಇದ್ದಾಗ್ಯೂ ೧೯೭೭ರ ವರದಿಯನ್ನು ಬರೆದರು. ವಾಲಾ ಅವರು ದೀರ್ಘಕಾಲ ಇದ್ದಾಗ್ಯೂ ೨೦೧೮ರ ನಿರ್ಣಯವನ್ನು ಮಾಡಿದರು. ಇದರಿಂದ ತಿಳಿಯತಕ್ಕದ್ದೇನೆಂದರೆ, ಹಲವು ವರ್ಷ ಇರುವುದು ಬೇರೆ, ಇಷ್ಟು ವರ್ಷ ಇರುವೆನೆಂಬ ನಿಶ್ಚಯವು ಬೇರೆ. ದಿಲ್ಲಿಯ ಇಚ್ಛೆಯಿಂದ ಎಂಟು ವರ್ಷ ಇದ್ದರೂ ಅದು ಹಂಗಿನ ಎಂಟು ವರ್ಷ; ಕಾಯಿದೆಯ ಬಲದಿಂದ ಮೂರು ವರ್ಷ ಇದ್ದರೂ ಅದು ಸ್ವತಂತ್ರವಾದ ಮೂರು ವರ್ಷ.

ಈ ದೋಷವು ಕರ್ನಾಟಕವೊಂದರದಲ್ಲ, ಒಂದು ಪಕ್ಷದ್ದೂ ಅಲ್ಲ. ೧೯೮೦ರಲ್ಲಿ ತಮಿಳುನಾಡಿನ ಪ್ರಭುದಾಸ ಪಟವಾರಿಯವರನ್ನೂ, ೧೯೮೧ರಲ್ಲಿ ರಾಜಸ್ಥಾನದ ರಘುಕುಲ ತಿಲಕರನ್ನೂ ತೆಗೆದರು. ೨೦೦೪ರಲ್ಲಿ ಉತ್ತರ ಪ್ರದೇಶ, ಗುಜರಾತ, ಹರಿಯಾಣ, ಗೋವೆಗಳ ನಾಲ್ವರನ್ನು ಒಂದೇ ಏಟಿಗೆ ಕೆಳಗಿಳಿಸಿದರು. ೨೦೧೪ರಲ್ಲಿ ದಿಲ್ಲಿಯ ಪೀಠದ ಮೇಲೆ ಪಕ್ಷ ಬದಲಾದಾಗಲೂ ಅದೇ ಆಟ ನಡೆಯಿತು. ಇಂದು ಅನ್ಯಾಯವೆಂದು ಕೂಗಿದವರು ನಾಳೆ ಅಧಿಕಾರಕ್ಕೆ ಬಂದು ಅದನ್ನೇ ಮಾಡಿದರು. ೨೦೦೪ರ ಪ್ರಕರಣವನ್ನು ವಿಚಾರಿಸಿ ೨೦೧೦ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರದ ಪಕ್ಷ ಬದಲಾಯಿತೆಂಬ ಮಾತ್ರಕ್ಕೆ ರಾಜ್ಯಪಾಲನನ್ನು ತೆಗೆಯಲಾಗದೆಂದೂ, ಇಚ್ಛೆಯೆಂದರೆ ಮನಸ್ವೀ ವರ್ತನೆಯಲ್ಲವೆಂದೂ ತೀರ್ಪಿತ್ತಿತು. ಆದರೆ ಕಾರಣವನ್ನು ಹೇಳಿಯೇ ತೆಗೆಯಬೇಕೆಂಬ ಕಟ್ಟಳೆಯನ್ನು ಅದು ಮಾಡಲಿಲ್ಲ. ದೂರವಾಣಿಯ ಒಂದು ಕರೆಯಿಂದ ರಾಜೀನಾಮೆ ಪಡೆಯಬಹುದಾದಲ್ಲಿ ವಜಾ ಮಾಡುವ ಶ್ರಮವನ್ನು ಯಾರು ಪಡುವರು?

ಪರಿಹಾರವೇನೆಂದು ಕೇಳುವವರಿಗೆ ಉತ್ತರವು ಕಪಾಟಿನಲ್ಲಿಯೇ ಇದೆ. ರಾಜ್ಯಪಾಲನು ಹೊರಗಿನ ರಾಜ್ಯದವನೂ, ಸಮೀಪದ ಕಾಲದಲ್ಲಿ ಪಕ್ಷರಾಜಕೀಯದಲ್ಲಿ ಮುಳುಗದವನೂ ಆಗಿರಬೇಕು, ನೇಮಕಕ್ಕೆ ಮೊದಲು ಮುಖ್ಯಮಂತ್ರಿಯೊಡನೆ ಸಮಾಲೋಚಿಸಬೇಕು, ಐದು ವರ್ಷಗಳನ್ನು ಬಲವಾದ ಕಾರಣವಿಲ್ಲದೆ ಕದಲಿಸಬಾರದು ಎಂದು ಸರ್ಕಾರಿಯಾ ಆಯೋಗವು ೧೯೮೮ರಷ್ಟು ಹಿಂದೆಯೇ ಹೇಳಿತು. ೨೦೧೦ರಲ್ಲಿ ವರದಿಯಿತ್ತ ಪೂಂಛಿ ಆಯೋಗವು ಇನ್ನೂ ಮುಂದೆ ಹೋಗಿ, ಅವಧಿಯನ್ನು ಐದು ವರ್ಷಕ್ಕೆ ನಿಶ್ಚಯಿಸಿ, ದೋಷಾರೋಪಣೆಯ ಮೂಲಕ ಮಾತ್ರ ಇಳಿಸತಕ್ಕದ್ದೆಂದಿತು. ಅಂದರೆ ೧೯೪೮ರ ಕರಡಿನಲ್ಲಿ ಇದ್ದುದಕ್ಕೇ ಅರುವತ್ತೆರಡು ವರ್ಷಗಳ ಮೇಲೆ ಹಿಂದಿರುಗಿದಂತಾಯಿತು.

ನಿಶ್ಚಿತವಾದ ಅವಧಿಯನ್ನು ಕೊಟ್ಟರೆ ಕೆಟ್ಟವನೂ ಐದು ವರ್ಷ ಕುಳಿತುಬಿಡುವನಲ್ಲವೇ ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಆದರೆ ದೋಷಾರೋಪಣೆಯ ಹಕ್ಕು ಇರತಕ್ಕದ್ದು ಅದಕ್ಕಾಗಿಯೇ. ಆ ಹಕ್ಕು ರಾಜ್ಯದ ಶಾಸನಸಭೆಯ ಕೈಯಲ್ಲಿದ್ದರೆ, ರಾಜ್ಯಪಾಲನು ಲೆಕ್ಕ ಒಪ್ಪಿಸತಕ್ಕದ್ದು ತಾನು ಯಾರ ರಾಜ್ಯವನ್ನು ಪಾಲಿಸುವೆನೆಂದು ಪ್ರತಿಜ್ಞೆ ಮಾಡಿರುವನೋ ಆ ಜನಕ್ಕೆ. ಈಗ ಅವನು ಪ್ರತಿಜ್ಞೆ ಮಾಡುವುದು ಒಬ್ಬರ ಮುಂದೆ, ಲೆಕ್ಕ ಒಪ್ಪಿಸುವುದು ಮತ್ತೊಬ್ಬರಿಗೆ. ಈ ವಿಪರೀತವನ್ನು ಸರಿಪಡಿಸುವವರೆಗೆ ಎಂತಹ ಸಜ್ಜನರನ್ನು ತಂದು ಕೂರಿಸಿದರೂ ಅವರ ಸಜ್ಜನಿಕೆಯು ಸಂಶಯದ ನೆರಳಿನಿಂದ ಹೊರಬರಲಾರದು. ಅವರ ಮೇಲೂ ಇದು ಅನ್ಯಾಯವೇ.

ಸಭೆಯಲ್ಲಿಯೇ ಬಹುಮತವನ್ನು ಎಣಿಸಬೇಕೆಂಬ ಧರ್ಮವನ್ನು ಭಾರತಕ್ಕೆಲ್ಲ ಕೊಟ್ಟುದು ಕರ್ನಾಟಕದ ಒಂದು ವ್ಯಾಜ್ಯ. ರಾಜ್ಯಪಾಲರ ಪದವಿಯನ್ನು ಕುರಿತು ಶ್ವೇತಪತ್ರವನ್ನು ಬರೆದುದೂ ಕರ್ನಾಟಕವೇ. ಅವಧಿಯ ವಿಷಯದಲ್ಲಿಯೂ ನಮ್ಮ ಶಾಸನಸಭೆಯ ಎರಡು ಪಕ್ಕಗಳಲ್ಲಿ ಕುಳಿತವರು ಕೂಡಿ ಒಂದು ಧ್ವನಿಯಲ್ಲಿ ೧೫೬ನೆಯ ವಿಧಿಯ ತಿದ್ದುಪಡಿಯನ್ನು ಕೇಳತಕ್ಕದ್ದು. ಇಂದು ಒಬ್ಬರಿಗೆ ಅನುಕೂಲವಾದ ರಾಜ್ಯಪಾಲನು ನಾಳೆ ಇನ್ನೊಬ್ಬರಿಗೆ ಅನುಕೂಲನಾಗುವನೆಂಬುದನ್ನು ಎರಡು ಪಕ್ಷದವರೂ ಕಂಡುಂಡಿದ್ದಾರೆ. ಅಧಿಕಾರದಲ್ಲಿದ್ದಾಗ ಮೌನ, ಅಧಿಕಾರ ತಪ್ಪಿದಾಗ ಕೂಗು, ಈ ಅಭ್ಯಾಸವನ್ನು ಬಿಡುವ ಧೈರ್ಯ ಯಾರಿಗಿದೆಯೆಂಬುದನ್ನು ಪ್ರಜೆಗಳು ನೋಡುತ್ತಿದ್ದಾರೆ. ರಾಜ್ಯಾಂಗವು ಐದು ವರ್ಷವೆಂದು ಬರೆದಿರುವಾಗ ಐದು ವರ್ಷವೆಂದೇ ಅದಕ್ಕೆ ಅರ್ಥವಾಗಲಿ ಎಂಬುದಷ್ಟೇ ನಮ್ಮ ಬೇಡಿಕೆ.